ನಟ್ಟಿನೊಳಗಿನ ಎಂಟು ಸುತ್ತು

ಕಾರಿಗೆ ಅದರ ಚಕ್ರವನ್ನು ಹಿಡಿದಿಟ್ಟಿರುವುದು ಯಾವುದು ಎಂದು ಕೇಳಿದರೆ ನಾಲ್ಕು ನಟ್ಟುಗಳು ಎಂದು ಯಾರಾದರೂ ಹೇಳಿಯಾರು. ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಗೋಡೆಯ ಮೊಳೆಗೆ ಪಟವನ್ನು ತೂಗುಹಾಕಿದಂತೆ ಚಕ್ರವು ಸ್ಟಡ್ಡುಗಳ ಮೇಲೆ ತೂಗುಬಿದ್ದಿದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವ ಬೇರೆ. ನಟ್ಟನ್ನು ಬಿಗಿದಾಗ ಸ್ಟಡ್ ಎಂಬ ಉಕ್ಕಿನ ಕಡ್ಡಿ ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಉದ್ದವಾಗುತ್ತದೆ. ಹಾಗೆ ಹಿಗ್ಗಿದ ಉಕ್ಕು ತನ್ನ ಮೊದಲಿನ ಅಳತೆಗೆ ಮರಳಲು ಹವಣಿಸುತ್ತದೆ. ಆ ಹವಣಿಕೆಯೇ ಚಕ್ರವನ್ನು ಹಬ್‌ನ ತಟ್ಟೆಗೆ ಒತ್ತಿ ಹಿಡಿಯುತ್ತದೆ. ಹೀಗೆ ಒತ್ತಿಹಿಡಿದ ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯೇ ಕಾರಿನ ಭಾರವನ್ನೂ ಬ್ರೇಕಿನ ಸೆಳೆತವನ್ನೂ ತಿರುವಿನ ನೂಕನ್ನೂ ಹೊರುತ್ತದೆ.

ಲೆಕ್ಕ ಹಾಕಿದರೆ ಇದರ ಪ್ರಮಾಣ ಅಚ್ಚರಿ ಹುಟ್ಟಿಸುವಂಥದು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ದಪ್ಪದ ಸ್ಟಡ್ಡುಗಳಿರುತ್ತವೆ. ಅಂತಹ ಒಂದು ಸ್ಟಡ್ಡಿನ ನಟ್ಟನ್ನು 100 ನ್ಯೂಟನ್ ಮೀಟರಿನಷ್ಟು ಬಿಗಿದರೆ, ಅಂದರೆ ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಸುಮಾರು ಹತ್ತು ಕಿಲೋ ತೂಕವನ್ನು ತೂಗುಬಿಟ್ಟಷ್ಟು ಬಲ ಹಾಕಿದರೆ, ಸ್ಟಡ್ಡಿನಲ್ಲಿ ಹುಟ್ಟುವ ಎಳೆತ ಸುಮಾರು ನಾಲ್ಕು ಟನ್. ನಾಲ್ಕು ಸ್ಟಡ್ಡುಗಳು ಸೇರಿ ಒಂದು ಚಕ್ರವನ್ನು ಸುಮಾರು ಹದಿನಾರು ಟನ್ ಬಲದಿಂದ ಒತ್ತಿಹಿಡಿಯುತ್ತವೆ. ಇಡೀ ಕಾರಿನ ತೂಕವೇ ಒಂದು ಟನ್ನಿನ ಆಸುಪಾಸು. ಹಿಡಿತ ಇಷ್ಟು ಬಲವಾಗಿರುವುದರಿಂದಲೇ ನಮ್ಮ ಮನೆಯವರು ಕಾರಿನಲ್ಲಿ ಕುಳಿತು ಘಾಟಿ ಇಳಿಯುವಾಗ ಚಕ್ರದ ಬಗ್ಗೆ ಯೋಚಿಸದೆ ಹರಟೆ ಹೊಡೆಯಬಲ್ಲರು.

ಆದರೆ ಈ ಹಿಡಿತವನ್ನು ಅದರ ಮಿತಿಯವರೆಗೂ ಪರೀಕ್ಷೆಗೊಡ್ಡುವ ಒಂದು ಹವ್ಯಾಸ ನಮ್ಮ ದೇಶದಲ್ಲಿಯೂ ಬೆಳೆದಿದೆ. ಸ್ವಂತ ಕಾರನ್ನು ರೇಸಿನ ಪಥಕ್ಕೆ ಒಯ್ದು, ಶುಲ್ಕ ಕಟ್ಟಿ, ತಲೆಗೆ ಹೆಲ್ಮೆಟ್ ಧರಿಸಿ, ಸರದಿಯಂತೆ ಹದಿನೈದಿಪ್ಪತ್ತು ನಿಮಿಷ ವೇಗವಾಗಿ ಓಡಿಸುವ ದಿನಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಅಲ್ಲಿ ಪದಕವಿಲ್ಲ, ಮೊದಲ ಸ್ಥಾನವಿಲ್ಲ. ಹೆದ್ದಾರಿಯಲ್ಲಿ ಮಾಡಬಾರದ್ದನ್ನು ಮಾಡಲು ಅದೇ ಸರಿಯಾದ ಜಾಗ ಎಂಬುದಷ್ಟೇ ಅದರ ಸಮರ್ಥನೆ. ತಮಿಳುನಾಡಿನಲ್ಲಿ ಇಂತಹ ಪಥಗಳು ಬಹುಕಾಲದಿಂದ ಇವೆ. ಮದರಾಸಿನ ಬಳಿಯ ಶೋಳಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ಒಂದು ಕಾಲದಲ್ಲಿ ರೇಸುಗಳು ನಡೆಯುತ್ತಿದ್ದವು. ಬಳಿಕ ಶ್ರೀಪೆರಂಬದೂರಿನ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಸುಮಾರು 3.7 ಕಿ.ಮೀ. ಉದ್ದದ ಪಥ 1990ರಲ್ಲಿ ತೆರೆದುಕೊಂಡಿತು. ಕೊಯಮತ್ತೂರಿನ ಬಳಿಯ ಕರಿ ಮೋಟಾರ್ ಸ್ಪೀಡ್‌ವೇ, ಮಾರುತಿ ಎಂಜಿನ್ನಿನ ಪುಟ್ಟ ರೇಸಿನ ಕಾರುಗಳನ್ನು ಕಟ್ಟಿ ದೇಶದ ಅನೇಕ ಯುವಕರಿಗೆ ಈ ಕ್ರೀಡೆಯ ಬಾಗಿಲು ತೆರೆದ ಎಸ್. ಕರಿವರ್ಧನ್ ಅವರ ಹೆಸರನ್ನು ಹೊತ್ತಿದೆ.

ಬೆಂಗಳೂರಿನ ಉತ್ಸಾಹಿಗಳು ಇರುಂಗಾಟ್ಟುಕೋಟೈಗೆ ಹೋಗಬೇಕಾದರೆ ಹಿಡಿಯುವ ದಾರಿ ಹೊಸೂರು, ಕೃಷ್ಣಗಿರಿ, ವೇಲೂರುಗಳ ಹೆದ್ದಾರಿ. ಬೆಂಗಳೂರಿನಿಂದ ಸುಮಾರು ನಲವತ್ತು ಕಿ.ಮೀ. ದೂರದ ಹೊಸೂರು 1970ರ ದಶಕದಿಂದ ಯಂತ್ರಗಳ ಊರಾಗಿ ಬೆಳೆಯಿತು. ಇಲ್ಲಿಯ ಕಾರ್ಖಾನೆಯಿಂದ 1980ರಲ್ಲಿ ಟಿ.ವಿ.ಎಸ್. ಮೊಪೆಡ್ ಹೊರಬಂತು. ಲೇಲ್ಯಾಂಡಿನ ಲಾರಿಗಳೂ ಇಲ್ಲಿ ತಯಾರಾದವು. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಲೇತ್, ಮಿಲ್ಲಿಂಗ್, ಪ್ರೆಸ್ಸುಗಳ ನೂರಾರು ಸಣ್ಣ ಷೆಡ್ಡುಗಳು ಹುಟ್ಟಿಕೊಂಡವು. ಅವುಗಳಲ್ಲಿ ತೆಲುಗು, ಕನ್ನಡ, ತಮಿಳು ಮೂರೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಅಂತಹ ಒಂದು ಷೆಡ್ಡಿನಲ್ಲಿ ನಡೆದ ಒಂದು ಕೆಲಸ ಇಲ್ಲಿ ಹೇಳತಕ್ಕದ್ದಾಗಿದೆ.

ಷೆಡ್ಡಿನ ಮೇಸ್ತ್ರಿ ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ಕನ್ನಡ ಮನೆತನದವರು. ಐವತ್ತೈದು ದಾಟಿದ ವಯಸ್ಸು. ಅವರ ಕೈಕೆಳಗೆ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಐ.ಟಿ.ಐ. ಕಲಿಯುತ್ತಿರುವ ಹದಿನೆಂಟರ ಹುಡುಗನೊಬ್ಬ ರಜೆಯ ದಿನಗಳಲ್ಲಿ ಕೆಲಸ ಮಾಡುತ್ತಿದ್ದ. ಕನ್ನಡದಲ್ಲಿ ಓದಿದ್ದರಿಂದ ಮಗನಿಗೆ ಮುಂದಿನ ಬಾಗಿಲು ಮುಚ್ಚಿಹೋಯಿತೋ ಎಂಬ ಅಳುಕು ಅವನ ತಂದೆಗೆ ಇತ್ತು. ಗಡಿಯಾಚೆಯ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಯಾವ ಮನೆಗೂ ಈ ಅಳುಕು ಹೊಸತಲ್ಲ.

ಒಂದು ಬುಧವಾರ ಬೆಂಗಳೂರಿನ ಯುವಕನೊಬ್ಬ ತನ್ನ ಹಳೆಯ ಸೆಡಾನ್ ಕಾರನ್ನು ತಂದು ನಿಲ್ಲಿಸಿದ. ಶನಿವಾರ ಟ್ರ್ಯಾಕ್ ಡೇ. ಶುಲ್ಕ ಕಟ್ಟಿಯಾಗಿದೆ, ಅದು ಮರಳಿ ಬರುವಂಥದಲ್ಲ. ಹದಿನಾರು ಉದ್ದನೆಯ ಹೊಸ ಸ್ಟಡ್ಡುಗಳ ಪೊಟ್ಟಣವನ್ನೂ ಆತನೇ ತಂದಿದ್ದ. ಹಳೆಯ ಗಿಡ್ಡ ಸ್ಟಡ್ಡುಗಳನ್ನು ತೆಗೆದು ಇವುಗಳನ್ನು ಕೂರಿಸಬೇಕು ಎಂಬುದು ಅವನ ಬೇಡಿಕೆ.

ಉದ್ದನೆಯ ಸ್ಟಡ್ಡು ಏಕೆ ಬೇಕು? ಟ್ರ್ಯಾಕಿಗೆ ಒಯ್ಯುವ ಕಾರಿಗೆ ಅಗಲವಾದ ಟೈರು, ಬೇರೆ ಅಲಾಯ್ ಚಕ್ರ ಹಾಕುವುದುಂಟು. ಆ ಚಕ್ರ ಒಳಗಿನ ಬ್ರೇಕಿಗೋ ಸಸ್ಪೆನ್ಷನ್ನಿಗೋ ತಾಗದಂತೆ ಹಬ್‌ಗೂ ಚಕ್ರಕ್ಕೂ ನಡುವೆ ಸ್ಪೇಸರ್ ಎಂಬ ಬಿಲ್ಲೆಯನ್ನು ಇಡುತ್ತಾರೆ. ಬಿಲ್ಲೆ ಎಷ್ಟು ದಪ್ಪವೋ ಅಷ್ಟು ಸ್ಟಡ್ಡು ನಟ್ಟಿನೊಳಗಿನಿಂದ ಹಿಂದೆ ಸರಿಯುತ್ತದೆ. ಸ್ಟಡ್ಡು ಎಷ್ಟು ದಪ್ಪವಿದೆಯೋ ಕನಿಷ್ಠ ಅಷ್ಟು ಉದ್ದ ನಟ್ಟಿನ ಥ್ರೆಡ್ಡನ್ನು ಕಚ್ಚಿರಬೇಕು ಎಂಬುದು ಕಸುಬಿನವರು ಪಾಲಿಸುವ ಸಾಮಾನ್ಯ ನಿಯಮ. 12 ಮಿ.ಮೀ. ಸ್ಟಡ್ಡಿನಲ್ಲಿ ಒಂದು ಸುತ್ತಿಗೆ 1.5 ಮಿ.ಮೀ. ಮುಂದೆ ಸಾಗುವ ಥ್ರೆಡ್ ಇದ್ದರೆ ಲೆಕ್ಕ ಸರಳ: ನಟ್ಟು ಕಚ್ಚಿದ ಮೇಲೆ ಕನಿಷ್ಠ ಎಂಟು ಸುತ್ತು ತಿರುಗಬೇಕು. ಮೊದಲು 14 ಮಿ.ಮೀ. ಕಚ್ಚಿದ್ದ ಸ್ಟಡ್ಡಿಗೆ 5 ಮಿ.ಮೀ. ಬಿಲ್ಲೆ ಇಟ್ಟರೆ ಉಳಿಯುವುದು 9 ಮಿ.ಮೀ., ಅಂದರೆ ಆರೇ ಸುತ್ತು. ಹೊರಗಿನಿಂದ ನೋಡುವವರಿಗೆ ಎರಡರಲ್ಲಿಯೂ ನಟ್ಟು ಒಂದೇ ತೆರನಾಗಿ ಕಾಣುತ್ತದೆ. ಮುಚ್ಚಿದ ಟೋಪಿಯ ನಟ್ಟಾದರಂತೂ ಒಳಗೆ ಏನಿದೆಯೆಂದು ತಿಳಿಯುವುದೇ ಇಲ್ಲ. ಆದುದರಿಂದಲೇ ಟ್ರ್ಯಾಕಿನ ಕಾರುಗಳಿಗೆ ಆಚೆ ತೆರೆದಿರುವ ನಟ್ಟನ್ನು ಹಾಕಿ, ಸ್ಟಡ್ಡಿನ ತುದಿ ಹೊರಗೆ ಇಣುಕುವಂತೆ ಮಾಡುತ್ತಾರೆ. ಹೊರಗೆ ಚಾಚಿದ ಆ ಭಾಗ ಯಾವ ಭಾರವನ್ನೂ ಹೊರುವುದಿಲ್ಲ. ಒಳಗಿನ ಸುತ್ತುಗಳೆಲ್ಲ ತುಂಬಿವೆ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೆ.

ಮೇಸ್ತ್ರಿ ಮೊದಲು ಕೈಗೆತ್ತಿಕೊಂಡದ್ದು ಸುತ್ತಿಗೆಯನ್ನಲ್ಲ, ವರ್ನಿಯರ್ ಅಳತೆಗೋಲನ್ನು. ಸ್ಟಡ್ಡಿನ ಕತ್ತಿನ ಸುತ್ತ ಉದ್ದುದ್ದನೆಯ ಸಣ್ಣ ಗೀರುಹಲ್ಲುಗಳಿರುತ್ತವೆ. ಹಬ್‌ನ ತೂತಿಗಿಂತ ಆ ಭಾಗ ತುಸು ದಪ್ಪವಾಗಿದ್ದು, ಒತ್ತಿ ಕೂರಿಸಿದಾಗ ಹಲ್ಲುಗಳು ತೂತಿನ ಗೋಡೆಯನ್ನು ಕಚ್ಚಿಕೊಳ್ಳುತ್ತವೆ. ದಪ್ಪ ಕಡಿಮೆಯಾದರೆ ನಟ್ಟು ಬಿಗಿಯುವಾಗ ಸ್ಟಡ್ಡೇ ತಿರುಗುತ್ತದೆ. ಹೆಚ್ಚಾದರೆ ಹಬ್‌ನ ತಟ್ಟೆ ಬಿರಿಯಬಹುದು. ಥ್ರೆಡ್ ಒಂದೇ ಆಗಿದ್ದರೂ ಕಾರಿನಿಂದ ಕಾರಿಗೆ ಈ ಕತ್ತಿನ ಅಳತೆ ಬೇರೆಯಾಗುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಅಳೆದಾಗ ಹದಿನಾರೂ ಹೊಂದಿದವು. ಬಳಿಕ ನಟ್ಟುಗಳ ಸರದಿ. ಕೆಲವು ಕಂಪನಿಗಳ ಮೂಲ ಚಕ್ರದಲ್ಲಿ ನಟ್ಟಿನ ಬುಡ ಗುಂಡಗೆ ಚೆಂಡಿನಂತಿರುತ್ತದೆ. ಹೊರಗೆ ಕೊಳ್ಳುವ ಅಲಾಯ್ ಚಕ್ರಗಳಿಗೆ ಬಹುಮಟ್ಟಿಗೆ 60 ಡಿಗ್ರಿಯ ಶಂಕುವಿನಾಕಾರದ ಬುಡ ಬೇಕು. ಗುಂಡು ಬುಡದ ನಟ್ಟನ್ನು ಶಂಕುವಿನ ಗುಳಿಗೆ ಹಾಕಿದರೆ ತಾಗುವುದು ತೆಳ್ಳಗಿನ ಒಂದು ಗೆರೆ ಮಾತ್ರ. ಯುವಕ ತಂದಿದ್ದ ನಟ್ಟುಗಳು ಸರಿಯಾಗಿದ್ದವು.

ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಕ್ರ ಕಳಚಿದರು. ಬ್ರೇಕಿನ ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನಿಂದ ಜೋತುಬೀಳಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದರು. ಕೆಲವು ಕಾರುಗಳಲ್ಲಿ ಹಬ್‌ನ ಹಿಂದೆ ಜಾಗವಿದ್ದು ಸ್ಟಡ್ಡನ್ನು ಅಲ್ಲಿಂದಲೇ ಹೊರಗೆ ತೆಗೆಯಬಹುದು. ಈ ಕಾರಿನ ಮುಂಭಾಗದಲ್ಲಿ ಆ ಅನುಕೂಲವಿರಲಿಲ್ಲ. ಹಬ್‌ ಅನ್ನೇ ಬೇರಿಂಗಿನಿಂದ ಹೊರಗೆ ಒತ್ತಬೇಕಾಗಿತ್ತು. ಹಾಗೆ ಒತ್ತಿದ ಬೇರಿಂಗ್ ಮತ್ತೆ ಬಳಕೆಗೆ ಬಾರದು, ಹೊಸದನ್ನೇ ಹಾಕಬೇಕು. ಮೇಸ್ತ್ರಿ ಇದನ್ನು ಕೆಲಸಕ್ಕೆ ಮೊದಲೇ ಹೇಳಿ, ಖರ್ಚನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದರು.

ಸ್ಟಡ್ಡನ್ನು ಸುತ್ತಿಗೆಯಿಂದ ಹೊಡೆದು ಕೂರಿಸಲು ಅವರು ಹುಡುಗನಿಗೆ ಬಿಡಲಿಲ್ಲ. ಹೊಡೆತ ಬಿದ್ದಾಗ ಬೇರಿಂಗಿನ ಗುಂಡುಗಳು ತಮ್ಮ ಹಾದಿಯ ಮೇಲೆ ಸಣ್ಣ ಗುಳಿ ಒತ್ತುತ್ತವೆ. ಅಂದು ಏನೂ ತಿಳಿಯದು, ಕೆಲವು ದಿನ ಓಡಿದ ಮೇಲೆ ಗೊರಗೊರ ಸದ್ದು ಶುರುವಾಗುತ್ತದೆ. ಮುಂದಿನ ಹಬ್‌ಗಳಿಗೆ ಪ್ರೆಸ್ ಬಳಸಿದರು. ಹಿಂದಿನವಕ್ಕೆ ವಾಷರುಗಳನ್ನು ಪೇರಿಸಿ, ನಡುವೆ ಗ್ರೀಸ್ ಹಚ್ಚಿ, ಆಮೇಲೆ ಎಸೆದುಬಿಡುವ ಒಂದು ಹಳೆಯ ನಟ್ಟನ್ನು ಹಾಕಿ ಕೈಯಿಂದ ನಿಧಾನವಾಗಿ ಎಳೆದರು. ಪ್ರತಿಯೊಂದು ಕೂತ ಮೇಲೂ ಹುಡುಗ ಟಾರ್ಚ್ ಹಿಡಿದು ಹಿಂದಿನಿಂದ ನೋಡಬೇಕು. ಸ್ಟಡ್ಡಿನ ತಲೆಗೂ ತಟ್ಟೆಗೂ ನಡುವೆ ಕಾಗದದಷ್ಟು ಸಂದು ಉಳಿದರೂ ಅದು ಓಡುವಾಗ ಒಳಗೆ ಸರಿದುಕೊಳ್ಳುತ್ತದೆ, ಅಷ್ಟರಮಟ್ಟಿಗೆ ನಟ್ಟು ಸಡಿಲವಾಗುತ್ತದೆ.

ಗುರುವಾರ ಸಂಜೆಯ ಹೊತ್ತಿಗೆ ಮೂರು ಹಬ್‌ಗಳು ಮುಗಿದವು. ನೋಡಲು ಬಂದ ಯುವಕ, ಹುಡುಗ ಟಾರ್ಕ್ ವ್ರೆಂಚ್ ಹಿಡಿದು ಒಂದು ಚಕ್ರದ ನಟ್ಟನ್ನು ಬಿಗಿಯುವುದನ್ನು ಕಂಡ. ಕಾರಿನ ಕಂಪನಿ ಹೇಳಿದ ಅಳತೆ ಬಂದೊಡನೆ ವ್ರೆಂಚು ಟಕ್ಕೆಂದಿತು, ಹುಡುಗ ಕೈ ತೆಗೆದ.

"ಅಷ್ಟೇನಾ? ಪೈಪ್ ಹಾಕಿ ಇನ್ನೊಂದು ಸ್ವಲ್ಪ ಟೈಟ್ ಮಾಡಪ್ಪ. ಟ್ರ್ಯಾಕಿಗೆ ಹೋಗೋ ಗಾಡಿ" ಎಂದ ಯುವಕ.

ಹುಡುಗ ಮೇಸ್ತ್ರಿಯ ಮುಖ ನೋಡಿದ. "ನೀನೇ ಹೇಳೋ" ಎಂದರು ಅವರು.

ಹುಡುಗ ತಡವರಿಸುತ್ತ ಹೇಳಿದ: "ಸಾರ್, ಸ್ಟಡ್ಡು ಒಂಥರಾ ಸ್ಪ್ರಿಂಗು. ಸ್ಕೂಲಲ್ಲಿ ನಮ್ಮ ಮೇಷ್ಟ್ರು ಸ್ಪ್ರಿಂಗಿಗೆ ತೂಕ ಕಟ್ಟಿ ತೋರಿಸಿದ್ರು. ಒಂದು ಮಿತಿವರೆಗೂ ತೂಕ ತೆಗೆದ್ರೆ ವಾಪಸ್ ಬರುತ್ತೆ. ಅದು ದಾಟಿದ್ರೆ ಹಿಗ್ಗಿದ್ದು ಹಿಗ್ಗಿದ ಹಾಗೇ ಇರುತ್ತೆ. ಸ್ಥಿತಿಸ್ಥಾಪಕ ಮಿತಿ ಅಂತ. ಪೂರ್ತಿ ವಾಪಸ್ ಬರಲ್ಲ ಅಂದ್ರೆ ಆಮೇಲೆ ಅದು ಸರಿಯಾಗಿ ಹಿಡಿಯಲ್ಲ ಸಾರ್."

ಅವನ ಮಾತಿನಲ್ಲಿ ಐ.ಟಿ.ಐ.ಯ ಪುಸ್ತಕದ ಇಂಗ್ಲಿಷ್ ಪದ ಒಂದೂ ಬರಲಿಲ್ಲ. ಆ ಪದಗಳನ್ನು ಅವನು ಇನ್ನೂ ಕಲಿಯುತ್ತಿದ್ದ, ಪರೀಕ್ಷೆಗೆ ಅವು ಬೇಕೇಬೇಕು. ಆದರೆ ವಿಷಯ ಅವನಿಗೆ ಮೊದಲೇ ತಿಳಿದಿತ್ತು. ಹತ್ತರೊಳಗಿನ ಯಾವುದೋ ತರಗತಿಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು, ಒಂದು ಸ್ಪ್ರಿಂಗು, ಒಂದು ಅಳತೆಪಟ್ಟಿಯ ಮುಂದೆ ಕುಳಿತು ಅವನು ಅದನ್ನು ತನ್ನ ಮನೆಮಾತಿನಲ್ಲಿ ಅರ್ಥಮಾಡಿಕೊಂಡಿದ್ದ. ಅರ್ಥವಾದುದಕ್ಕೆ ಇನ್ನೊಂದು ಭಾಷೆಯ ಹೆಸರನ್ನು ಅಂಟಿಸಿಕೊಳ್ಳುವುದು ಕೆಲವು ವಾರಗಳ ಕೆಲಸ. ಅರ್ಥವಾಗದ ಹೆಸರನ್ನು ಬಾಯಿಪಾಠ ಮಾಡಿದವನು ಪೈಪು ಹಾಕು ಎಂದಾಗ ಪೈಪು ಹಾಕಿಬಿಡುತ್ತಾನೆ.

ಮೇಸ್ತ್ರಿ ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ನಟ್ಟು ಬಿಗಿಯಲು ಕೈ ಹಾಕುವ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಥ್ರೆಡ್ಡಿನ ಮತ್ತು ನಟ್ಟಿನ ಬುಡದ ಘರ್ಷಣೆಗೇ ಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಸ್ಟಡ್ಡನ್ನು ಹಿಗ್ಗಿಸುತ್ತದೆ. ಥ್ರೆಡ್ಡಿಗೆ ಎಣ್ಣೆ ಸವರಿದರೆ ಘರ್ಷಣೆ ಇಳಿದು, ವ್ರೆಂಚು ಅದೇ ಅಳತೆ ತೋರಿಸಿದರೂ ಸ್ಟಡ್ಡು ಬಹಳ ಹೆಚ್ಚು ಹಿಗ್ಗುತ್ತದೆ. ಆದುದರಿಂದ ಕಂಪನಿ ಹೇಳಿರದ ಹೊರತು ಥ್ರೆಡ್ಡು ಶುಚಿಯಾಗಿ, ಒಣಗಿರಬೇಕು. ಒಳ್ಳೆಯದಾಗಲಿ ಎಂದು ಸುರಿದ ಎಣ್ಣೆಯೇ ಕೆಡುಕು ಮಾಡೀತು.

ನಾಲ್ಕನೆಯದು ಹಿಂಬದಿಯ ಎಡಗಡೆಯ ಹಬ್. ಅದರ ಮೂರು ತೂತುಗಳು ಸರಿಯಾಗಿದ್ದವು. ನಾಲ್ಕನೆಯದಕ್ಕೆ ಹೊಸ ಸ್ಟಡ್ಡನ್ನು ಹಿಡಿದಾಗ ಅದು ಒತ್ತಡವೇ ಇಲ್ಲದೆ, ಬರಿಗೈಯಲ್ಲಿ, ಬುಡದವರೆಗೂ ಜಾರಿತು. ಹಿಂದೆಂದೋ ಯಾರೋ ತೆಳುಕತ್ತಿನ ಸ್ಟಡ್ಡನ್ನು ಅಲ್ಲಿ ತುರುಕಿದ್ದರು. ಅದು ಒಳಗೇ ತಿರುಗಿ ತಿರುಗಿ ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು.

"ಹಿಂದುಗಡೆ ಒಂದು ವೆಲ್ಡಿಂಗ್ ಹಾಕಿಬಿಡಿ ಮೇಸ್ತ್ರಿ. ತಿರುಗದೆ ಇದ್ರೆ ಸಾಕಲ್ಲ" ಎಂದ ಯುವಕ.

"ಆಗಲ್ಲ ಸಾರ್."

"ಹತ್ತು ನಿಮಿಷದ ಕೆಲಸ. ನಾಡಿದ್ದು ಓಡಬೇಕು ನಾನು. ದುಡ್ಡು ಕಟ್ಟಿದೀನಿ."

"ಹತ್ತು ನಿಮಿಷ ಕೂಡ ಬೇಡ ಸಾರ್, ಐದೇ ನಿಮಿಷ. ಹಾಕೋರೂ ಇದಾರೆ. ನಾನು ಹಾಕಲ್ಲ."

ಈ ನಿರಾಕರಣೆಯ ಹಿಂದಿನ ಕಾರಣ ತಿಳಿಯತಕ್ಕದ್ದು. ಸ್ಟಡ್ಡಿನ ಉಕ್ಕು ಸಾಮಾನ್ಯ ಸರಳಿನ ಉಕ್ಕಲ್ಲ. ಇಂತಹವುಗಳ ದರ್ಜೆಯನ್ನು 10.9 ಎಂಬಂತಹ ಸಂಖ್ಯೆಯಿಂದ ಸೂಚಿಸುತ್ತಾರೆ. ಮೊದಲಿನ 10 ಎಂಬುದು ಪ್ರತಿ ಚದರ ಮಿ.ಮೀ.ಗೆ ಸುಮಾರು ಸಾವಿರ ನ್ಯೂಟನ್ ಎಳೆತದವರೆಗೆ ಅದು ತುಂಡಾಗದೆಂಬ ಗುರುತು. ಚುಕ್ಕೆಯ ಮುಂದಿನ 9, ಆ ಬಲದ ಹತ್ತರಲ್ಲಿ ಒಂಬತ್ತರಷ್ಟು ಬರುವತನಕ ಅದು ಹಿಗ್ಗಿಯೂ ಮರಳುತ್ತದೆಂಬ ಗುರುತು. ಈ ಗುಣ ಬರುವುದು ಉಕ್ಕನ್ನು ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸುವ ಪಾಕದಿಂದ. ವೆಲ್ಡಿಂಗಿನ ಬಿಸಿ ಒಂದೇ ಕ್ಷಣದಲ್ಲಿ ಆ ಪಾಕವನ್ನು ಕೆಡಿಸುತ್ತದೆ. ಬೆಸುಗೆಯ ಅಂಚಿನಲ್ಲಿ ಉಕ್ಕು ಗಾಜಿನಂತೆ ಪೆಡಸಾಗುತ್ತದೆ, ಅದರಾಚೆ ಮೆದುವಾಗುತ್ತದೆ. ಸ್ಟಡ್ಡು ತಿರುಗುವುದೇನೋ ನಿಲ್ಲುತ್ತದೆ. ಆದರೆ ತಲೆಯ ಬಳಿ, ಯಾರ ಕಣ್ಣಿಗೂ ಬೀಳದ ಕಡೆ, ಬಿರುಕಿಗೆ ಜಾಗ ಸಿದ್ಧವಾಗಿರುತ್ತದೆ.

ಬಿರುಕು ಒಂದೇ ಏಟಿಗೆ ಬೆಳೆಯುವುದಿಲ್ಲ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲಿನ ಎಂಜಿನ್ನಿನ ಅಚ್ಚು ಮುರಿದು ದೊಡ್ಡ ದುರಂತವಾಯಿತು. ಆ ಕಾಲದ ಎಂಜಿನಿಯರುಗಳನ್ನು ಕಾಡಿದ ಪ್ರಶ್ನೆಯೆಂದರೆ, ದಿನವೂ ಹೊರುತ್ತಿದ್ದ ಭಾರವನ್ನೇ ಹೊತ್ತ ಅಚ್ಚು ಒಂದು ದಿನ ಏಕೆ ಮುರಿಯಬೇಕು ಎಂಬುದು. ಜರ್ಮನಿಯ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲಿನ ಅಚ್ಚುಗಳನ್ನು ಸತತವಾಗಿ ಬಗ್ಗಿಸಿ, ತಿರುಗಿಸಿ ಪರೀಕ್ಷಿಸಿದರು. ಒಮ್ಮೆ ಹೇರಿದರೆ ಸುಲಭವಾಗಿ ಹೊರುವ ಭಾರವನ್ನೇ ಲಕ್ಷಾಂತರ ಬಾರಿ ಏರಿಸಿ ಇಳಿಸಿದರೆ ಲೋಹ ದಣಿದು ಮುರಿಯುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಕಾರಿನ ಚಕ್ರಕ್ಕೆ ಈ ಲೆಕ್ಕವನ್ನು ಹಚ್ಚಿ ನೋಡಬಹುದು. ಟೈರಿನ ಸುತ್ತಳತೆ ಸುಮಾರು 1.8 ಮೀಟರ್ ಎಂದರೆ 3.7 ಕಿ.ಮೀ.ನ ಒಂದು ಸುತ್ತಿಗೆ ಚಕ್ರ ಎರಡು ಸಾವಿರ ಬಾರಿ ಉರುಳುತ್ತದೆ. ಹತ್ತು ಸುತ್ತಿಗೆ ಇಪ್ಪತ್ತು ಸಾವಿರ ಬಾರಿ. ಪ್ರತಿ ಉರುಳಿಗೂ ಪ್ರತಿ ಸ್ಟಡ್ಡಿನ ಬಳಿ ಭಾರ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಹಿಡಿತ ಗಟ್ಟಿಯಾಗಿದ್ದಾಗ ಆ ಏರಿಳಿತದ ಬಹುಪಾಲನ್ನು ಒತ್ತಿಕೊಂಡ ತಟ್ಟೆಗಳೇ ನುಂಗುತ್ತವೆ, ಸ್ಟಡ್ಡಿಗೆ ತಲುಪುವುದು ಅತ್ಯಲ್ಪ. ಹಿಡಿತ ಸಡಿಲಿದ ಗಳಿಗೆಯಿಂದ ಪ್ರತಿ ಉರುಳೂ ಸ್ಟಡ್ಡನ್ನು ಬಗ್ಗಿಸತೊಡಗುತ್ತದೆ. ಒಂದು ಸ್ಟಡ್ಡು ಹೋದರೆ ಅದರ ಪಾಲು ಉಳಿದ ಮೂರರ ಮೇಲೆ ಬೀಳುತ್ತದೆ, ಅವೂ ಬೇಗ ದಣಿಯುತ್ತವೆ.

ಯುವಕನಿಗೆ ಮೇಸ್ತ್ರಿ ಇಷ್ಟೆಲ್ಲ ಹೇಳಲಿಲ್ಲ. "ನೀವು ಓಡಿಸೋವಾಗ ಚಕ್ರ ಹೋದ್ರೆ ಒಳಗೆ ನೀವು ಮಾತ್ರ ಇರ್ತೀರ. ಆದ್ರೆ ಆ ಗಾಡೀಲೇ ಅಲ್ವಾ ಸಾರ್ ನೀವು ಹೆದ್ದಾರಿ ಮೇಲೆ ಇನ್ನೂರೈವತ್ತು ಕಿಲೋಮೀಟರ್ ಹೋಗೋದು? ಪಕ್ಕದಲ್ಲಿ ಬಸ್ಸು ಇರುತ್ತೆ, ಬೈಕಲ್ಲಿ ಮಗು ಕೂರಿಸ್ಕೊಂಡು ಹೋಗೋರು ಇರ್ತಾರೆ" ಎಂದಷ್ಟೇ ಹೇಳಿದರು. ಹಬ್ ಬದಲಾಯಿಸಬೇಕು, ಬೆಂಗಳೂರಿನಿಂದ ತರಿಸಿದರೆ ಸೋಮವಾರ ಬರುತ್ತದೆ ಎಂದರು.

ಯುವಕ ಕೋಪಗೊಂಡ. ಬೇರೆ ಕಡೆ ಒಯ್ಯುತ್ತೇನೆ ಎಂದ. ಒಯ್ಯಲು ನಾಲ್ಕನೆಯ ಚಕ್ರ ಹಾಕಬೇಕು, ಅದನ್ನು ಹಾಕಿಕೊಡಲು ಮೇಸ್ತ್ರಿ ಒಪ್ಪಲಿಲ್ಲ. ಬೇಕಾದರೆ ಎಳೆದೊಯ್ಯುವ ಲಾರಿಯನ್ನು ಕರೆಸಿಕೊಳ್ಳಿ, ಈವರೆಗಿನ ಕೂಲಿಯನ್ನೂ ಕೊಡಬೇಡಿ ಎಂದರು. ಆ ವಾರ ಷೆಡ್ಡಿಗೆ ಬರಬೇಕಾಗಿದ್ದ ದೊಡ್ಡ ಮೊತ್ತ ಅದೇ ಆಗಿತ್ತು. ಹುಡುಗನಿಗೆ ಅದು ಗೊತ್ತಿತ್ತು, ಅವನ ವಾರದ ಹಣವೂ ಅದರಲ್ಲೇ ಇತ್ತು. ಯುವಕ ಸ್ವಲ್ಪ ಹೊತ್ತು ಹೆದ್ದಾರಿಯ ಕಡೆ ಮುಖ ಮಾಡಿ ನಿಂತಿದ್ದು, ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದ. ಶನಿವಾರ ಆ ಕಾರು ಷೆಡ್ಡಿನ ಸ್ಟ್ಯಾಂಡುಗಳ ಮೇಲೆಯೇ ಕಳೆಯಿತು. ಸೋಮವಾರ ಹಬ್ ಬಂತು, ಮಂಗಳವಾರ ಕೆಲಸ ಮುಗಿಯಿತು. ಕಾರು ಒಯ್ಯಲು ಬಂದಾಗ ಆತ ಪೂರ್ತಿ ಹಣ ಕೊಟ್ಟ. ಹೆಚ್ಚು ಮಾತಾಡಲಿಲ್ಲ.

ಹಣ ಎಣಿಸಿ ಪಡೆದ ಮೇಲೂ ಮೇಸ್ತ್ರಿಯ ಕೆಲಸ ಮುಗಿದಿರಲಿಲ್ಲ. ಹೊಸ ಸ್ಟಡ್ಡುಗಳನ್ನು ಒಮ್ಮೆ ಬಿಗಿದು ಮರೆಯುವಂತಿಲ್ಲ. ಚಕ್ರದ ಮೇಲಿನ ಬಣ್ಣ, ಹಬ್‌ನ ಮೇಲಿನ ತುಕ್ಕಿನ ಪುಡಿ, ಹೊಸ ಗೀರುಹಲ್ಲುಗಳು, ಇವೆಲ್ಲ ಒತ್ತಡಕ್ಕೆ ಒಂದಿಷ್ಟು ಒಳಸರಿಯುತ್ತವೆ. ಸ್ಟಡ್ಡು ಹಿಗ್ಗಿರುವುದೇ ಮಿಲಿಮೀಟರಿನ ನೂರರಲ್ಲಿ ಐದಾರು ಭಾಗವಾದ್ದರಿಂದ ಅದರಲ್ಲಿ ಎರಡು ಭಾಗ ಒಳಸರಿದರೂ ಹಿಡಿತದ ದೊಡ್ಡ ಪಾಲು ಹೋದಂತೆಯೇ. ಟ್ರ್ಯಾಕಿನಲ್ಲಿ ಬಿಸಿಯೂ ಸೇರುತ್ತದೆ. ಬ್ರೇಕಿನ ಡಿಸ್ಕು ಹಲವು ನೂರು ಡಿಗ್ರಿಗೆ ಏರಿ ಆ ಕಾವು ಹಬ್‌ಗೂ ಚಕ್ರಕ್ಕೂ ಹರಿಯುತ್ತದೆ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಆದುದರಿಂದ ಐವತ್ತರಿಂದ ನೂರು ಕಿ.ಮೀ. ಓಡಿದೊಳಗೆ ಒಮ್ಮೆ, ಟ್ರ್ಯಾಕಿನಲ್ಲಿ ಪ್ರತಿ ಸರದಿಯ ಬಳಿಕ ಚಕ್ರ ತಣಿದ ಮೇಲೆ ಒಮ್ಮೆ, ಟಾರ್ಕ್ ವ್ರೆಂಚ್ ಹಿಡಿದು ನೋಡಲೇಬೇಕು. ಬೆಂಗಳೂರಿನಿಂದ ಟ್ರ್ಯಾಕಿಗೆ ಹೋಗುವ ದಾರಿಯಲ್ಲಿ ಇಲ್ಲಿ ನಿಲ್ಲಿಸಿ, ದುಡ್ಡು ಬೇಡ ಎಂದು ಮೇಸ್ತ್ರಿ ಆತನಿಗೆ ಹೇಳಿ ಕಳುಹಿಸಿದರು.

ಟ್ರ್ಯಾಕಿನ ಮಾತು ಅತ್ತ ಇರಲಿ, ನಮ್ಮ ಮನೆಗಳ ಕಾರುಗಳಿಗೂ ಇದರಲ್ಲಿ ಪಾಠವಿದೆ. ಊರೊಳಗೆ ಓಡುವ ಕಾರಿಗೆ ಉದ್ದನೆಯ ಸ್ಟಡ್ಡು ಬೇಡ. ಕಂಪನಿ ಕೊಟ್ಟ ಸ್ಟಡ್ಡು ಕಂಪನಿ ಕೊಟ್ಟ ಚಕ್ರಕ್ಕೆ ಸಾಕಾಗುವಷ್ಟಿರುತ್ತದೆ. ಆದರೆ ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಗುರ್ರೆಂದು ತಿರುಗಿಸಿ ಕಳುಹಿಸಿದ ನಟ್ಟು ಎಷ್ಟು ಬಿಗಿಯಾಗಿದೆ ಎಂಬುದು ಗನ್ನು ಹಿಡಿದವನಿಗೂ ತಿಳಿದಿರುವುದಿಲ್ಲ. ನಟ್ಟುಗಳನ್ನು ಮೊದಲು ಕೈಯಿಂದಲೇ ಕೆಲವು ಸುತ್ತು ಹಾಕಿಸಬೇಕು. ಒಂದಾದ ಮೇಲೆ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಸಬೇಕು. ಕಾರಿನ ಪುಸ್ತಕದಲ್ಲಿ ಬರೆದ ಅಳತೆಗೆ ವ್ರೆಂಚಿನಿಂದ ಮುಗಿಸಲು ಹೇಳಬೇಕು. ಐವತ್ತು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿಸಬೇಕು. ಕೇಳಿದರೆ ಅಂಗಡಿಯವನು ಮುಖ ಸಿಂಡರಿಸಬಹುದು, ಅಷ್ಟಕ್ಕೆ ಹಿಂಜರಿಯಬೇಕಾಗಿಲ್ಲ.

ಮುಂದಿನ ತಿಂಗಳು, ಒಂದು ಶನಿವಾರ ಬೆಳಕು ಹರಿಯುವ ಮೊದಲು, ಆ ಸೆಡಾನ್ ಷೆಡ್ಡಿನ ಮುಂದೆ ನಿಂತಿತು. ಮೇಸ್ತ್ರಿ ಇನ್ನೂ ಬಂದಿರಲಿಲ್ಲ. ಬಾಗಿಲು ತೆರೆದು ಕಸ ಗುಡಿಸುತ್ತಿದ್ದ ಹುಡುಗನೇ ವ್ರೆಂಚು ತಂದು ಹದಿನಾರು ನಟ್ಟುಗಳನ್ನೂ ಒಂದೊಂದಾಗಿ ನೋಡಿದ. ಹದಿನಾಲ್ಕು ಅಲುಗದೆ ಟಕ್ಕೆಂದವು. ಎರಡು ತುಸು ತಿರುಗಿ, ಆಮೇಲೆ ಟಕ್ಕೆಂದವು. ಯುವಕ ಪಕ್ಕದಲ್ಲಿಯೇ ಕುಕ್ಕುರು ಕುಳಿತು ಟಾರ್ಚ್ ಹಿಡಿದಿದ್ದ. ಹುಡುಗ ಷೆಡ್ಡಿನ ಪುಸ್ತಕ ತೆರೆದು, ತಾರೀಖು ಹಾಕಿ, ದುಂಡನೆಯ ಕನ್ನಡ ಅಕ್ಷರಗಳಲ್ಲಿ ಬರೆದ: ಹಿಂದೆ ಎಡಗಡೆ, ಎರಡು ನಟ್ಟು, ಕಾಲು ಸುತ್ತಿಗಿಂತ ಕಡಿಮೆ; ಮತ್ತೆ ಬಿಗಿದಿದೆ; ಟ್ರ್ಯಾಕಿನಲ್ಲಿ ತಣಿದ ಮೇಲೆ ಪುನಃ ನೋಡಲು ತಿಳಿಸಿದೆ.